ಮಂದಿರದಿಂದ ಮಸೀದಿವರೆಗೆ: ಅಹಮದಾಬಾದಿನ ಹಳೇ ಊರಲ್ಲಿ ಒಂದು ನಡಿಗೆ



ನಿಮ್ಮಲ್ಲಿ ಎಷ್ಟೋ ಜನ ಆಫೀಸ್ ಕೆಲಸಕ್ಕೆ ಅಹಮದಾಬಾದಿಗೆ ಹೋಗಿರ್ತೀರಿ. ಗಿಫ್ಟ್ ಸಿಟಿಯಲ್ಲಿ ಮೀಟಿಂಗ್, ಹೈವೇ ಪಕ್ಕ ಹೋಟೆಲ್, ರಾತ್ರಿ ವಿಮಾನ. ಮುಂದಿನ ಸಲ ಒಂದು ಬೆಳಗ್ಗೆ ಉಳಿಸಿಕೊಳ್ಳಿ. ಸಾಬರಮತಿ ನದಿಯ ಪೂರ್ವ ದಡದಲ್ಲಿ ಸುಲ್ತಾನ ಅಹ್ಮದ್ ಶಾ 1411ರಲ್ಲಿ ಕಟ್ಟಿಸಿದ ಊರಿನಲ್ಲಿ ಇನ್ನೂ ಜನ ಬದುಕ್ತಾ ಇದಾರೆ.

ಇಲ್ಲಿ ಮಹಾನಗರಪಾಲಿಕೆ 1997ರಲ್ಲಿ ಹೆರಿಟೇಜ್ ವಾಕ್ ಶುರು ಮಾಡಿತು. ಕಾಲೂಪುರದ ಸ್ವಾಮಿನಾರಾಯಣ ಮಂದಿರದಿಂದ ಹೊರಟು, ಗಲ್ಲಿಗಳಲ್ಲಿ ಸುತ್ತಿ, 1424ರ ಜಾಮಾ ಮಸೀದಿಗೆ ಬಂದು ಮುಗಿಯುತ್ತೆ. ಮಸೀದಿಯ 260 ಕಂಬಗಳನ್ನು ನೋಡಿದರೆ ದೇವಸ್ಥಾನದ ಕೆತ್ತನೆ ನೆನಪಾಗುತ್ತೆ. 2017ರಲ್ಲಿ ಯುನೆಸ್ಕೊ ಈ ಹಳೇ ಊರನ್ನು ವಿಶ್ವ ಪರಂಪರೆಯ ನಗರ ಅಂತ ಘೋಷಿಸಿತು. ಆ ಗೌರವ ಪಡೆದ ಭಾರತದ ಮೊದಲ ನಗರ ಇದೇ.

ಆದರೆ ನಾನು ಇವತ್ತು ಹೇಳಬೇಕು ಅಂದುಕೊಂಡಿರೋದು ಮನೆಗಳ ಬಗ್ಗೆ.

ಇಲ್ಲಿನ ಓಣಿಗೆ ‘ಪೋಳ್’ ಅಂತಾರೆ. ಒಂದು ಬಾಗಿಲು, ಒಳಗೆ ಕಿರಿದಾದ ದಾರಿ, ಒತ್ತಿಕೊಂಡ ಮರದ ಮನೆಗಳು. ನಡುವೆ ಕಂಬದ ಮೇಲೆ ‘ಚಬೂತರೊ’, ಹಕ್ಕಿಗಳಿಗೆ ಕಾಳು ಹಾಕೋ ಜಾಗ. ಮನೆ ಮುಂದಿನ ‘ಓಟ್ಲೊ’ ಅಂದರೆ ನಮ್ಮ ಜಗಲಿ. ಒಳಗಿನ ‘ಚೌಕ್’ ನಮ್ಮ ತೊಟ್ಟಿ. ಆ ಚೌಕದ ಕೆಳಗೆ ‘ಟಾಂಕಾ’. ಮಾಡಿನ ಮಳೆನೀರು ಕೊಳವೆಯಲ್ಲಿ ಇಳಿದು, ಗಾರೆ ಮಾಡಿದ ನೆಲದಡಿಯ ತೊಟ್ಟಿಯಲ್ಲಿ ತುಂಬಿಕೊಳ್ಳುತ್ತೆ. ಹಿಂದೆ ಕುಡಿಯೋಕೆ ವರ್ಷವಿಡೀ ಅದೇ ನೀರು. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಅಪಾರ್ಟ್‌ಮೆಂಟಲ್ಲಿ ಟ್ಯಾಂಕರ್‌ಗೆ ಕಾದವರಿಗೆ ಇದರ ಬೆಲೆ ನಾನು ಹೇಳಬೇಕಾಗಿಲ್ಲ.

ಇಂಥ ಎಷ್ಟೋ ಮನೆಗಳಿಗೆ ಈಗ ಬೀಗ. ಕಾರ್ ಒಳಗೆ ಬರಲ್ಲ, ಮಕ್ಕಳಿಗೆ ಜಾಗ ಸಾಲಲ್ಲ, ಅಣ್ಣತಮ್ಮಂದಿರ ಪಾಲು ಇತ್ಯರ್ಥ ಆಗಿಲ್ಲ. ಕುಟುಂಬಗಳು ನದಿ ದಾಟಿ ಪಶ್ಚಿಮದ ಫ್ಲ್ಯಾಟುಗಳಿಗೆ ಹೋಗಿವೆ. ಜನವರಿ 14ರ ಉತ್ತರಾಯಣಕ್ಕೆ ಗಾಳಿಪಟ ಹಾರಿಸೋಕೆ ಹಳೇ ತಾರಸಿಗೆ ವಾಪಸ್ ಬರ್ತಾರೆ. ಹಬ್ಬ ಮುಗಿದ ಮೇಲೆ ಮತ್ತೆ ಬೀಗ.

ಕಲ್ಲಿನ ಮಸೀದಿ ಆರು ನೂರು ವರ್ಷ ನಿಂತಿದೆ. ಮರದ ಮನೆಗೆ ಜನ ಬೇಕು. ಒಲೆ ಉರಿಯದ, ಕಿಟಕಿ ತೆರೆಯದ ಮನೆಗೆ ಮೊದಲು ಗೆದ್ದಲು ಬರುತ್ತೆ, ಆಮೇಲೆ ಬಿಲ್ಡರ್ ಬರ್ತಾನೆ. ಯುನೆಸ್ಕೊ ಫಲಕ ಇವೆರಡನ್ನೂ ತಡೆಯಲ್ಲ. ಉಳಿದಿರೋ ಮನೆಗಳನ್ನು ನೋಡಿ: ಕೆಲವರು ದುರಸ್ತಿ ಮಾಡಿಸಿ ಅತಿಥಿಗಳಿಗೆ ಕೊಡ್ತಾರೆ, ಕೆಲವರು ಬಾಡಿಗೆಗೆ, ಕೆಲವು ಕಡೆ ಅಜ್ಜಿ ಒಬ್ಬರೇ ಇದಾರೆ. ಯಾರೋ ಒಬ್ಬರು ಇದ್ದಾರೆ, ಅದಕ್ಕೇ ಮನೆ ನಿಂತಿದೆ.

ಇದು ಗುಜರಾತಿಗಳ ಕಥೆ ಮಾತ್ರ ಅಲ್ಲ ಅಂತ ನಿಮಗೆ ಆಗಲೇ ಅನಿಸಿರುತ್ತೆ. ಹಾಸನ, ಧಾರವಾಡ, ತೀರ್ಥಹಳ್ಳಿ, ಎಲ್ಲೋ ನಿಮ್ಮದೂ ಒಂದು ತೊಟ್ಟಿಮನೆ, ಒಂದು ಬೀಗ ಇರಬಹುದು. ಊರಿಗೆ ವಾಪಸ್ ಹೋಗಿ ಅಂತ ಹೇಳೋಕೆ ನಾನ್ಯಾರು? ಆದರೆ ಈ ಮಳೆಗಾಲಕ್ಕೆ ಮುಂಚೆ ಹೋಗಿ ಹಂಚು ಕೈಯಾಡಿಸಿ. ಪಾಲಿನ ಮಾತು ದೊಡ್ಡವರು ಇರುವಾಗಲೇ ಮುಗಿಸಿಕೊಳ್ಳಿ. ಊರಿನ ಟೀಚರಿಗೋ ನರ್ಸಿಗೋ ಕಡಿಮೆ ಬಾಡಿಗೆಗಾದರೂ ಕೊಡಿ. ಬಾಡಿಗೆ ದುಡ್ಡಿಗಿಂತ ಆ ಮನೆಯಲ್ಲಿ ಸಂಜೆ ದೀಪ ಹತ್ತೋದು ಮುಖ್ಯ.