ತೆಂಗಿನೆಣ್ಣೆ ಉಂಟಲ್ಲ, ಜೆಲ್ ಯಾಕೆ?

ಇಯರ್‌ಫೋನ್ ಹಾಕ್ಕೊಂಡಿದ್ದೀರಲ್ಲ? ಬಸ್ಸಲ್ಲಿ ಸ್ಪೀಕರ್ ಆನ್ ಮಾಡಿದ್ರೆ ಇವತ್ತು ಕಷ್ಟ ಮಾರ್ರೆ. ವಿಷಯ ಲೂಬ್ರಿಕೆಂಟ್. ಸಂಭೋಗದ ಹೊತ್ತಿಗೆ ಉರಿ, ನೋವು ಆಗದ ಹಾಗೆ ಹಚ್ಚುವ ಜೆಲ್.

ಅಂಬಲಪಾಡಿ ಇರಲಿ, ಕಾಪು ಇರಲಿ, ನಮ್ಮ ಕಡೆ ಇದಕ್ಕೆ ರೆಡಿ ಉತ್ತರ ಉಂಟು: ತೆಂಗಿನೆಣ್ಣೆ. ತಲೆಗೂ ಅದೇ, ಬಾಣಲೆಗೂ ಅದೇ. ಕಾಂಡೋಮ್ ಬಳಸದ ಜೋಡಿಗೆ ನಡೀಬಹುದು, ಕೆಲವರಿಗೆ ಅದೂ ಆಗುವುದಿಲ್ಲ. ಕಾಂಡೋಮ್ ಇದ್ದರೆ ಮಾತ್ರ ಖಂಡಿತ ಬೇಡ. ಅದರ ಲ್ಯಾಟೆಕ್ಸ್ ಅಂದರೆ ರಬ್ಬರ್ ಮರದ ಹಾಲು, ಕಾರ್ಕಳ ಕಡೆ ತೋಟಗಳಲ್ಲಿ ಇಳಿಸುತ್ತಾರಲ್ಲ, ಅದೇ. ಎಣ್ಣೆ ತಾಗಿದರೆ ನಿಮಿಷಗಳಲ್ಲೇ ದುರ್ಬಲ ಆಗ್ತದೆ. ವ್ಯಾಸಲೀನ್, ಬೇಬಿ ಆಯಿಲ್ ಕೂಡ ಹಾಗೇ. ಕಣ್ಣಿಗೆ ಏನೂ ಕಾಣುವುದಿಲ್ಲ, ಹರಿದ ಮೇಲೆಯೇ ಗೊತ್ತಾಗುವುದು. ಹರಿದರೆ ಕಾಯಬೇಡಿ. ಗರ್ಭ ತಡೆಯುವ ತುರ್ತು ಮಾತ್ರೆಗೂ, ಎಚ್‌ಐವಿ ತಡೆಯುವ ಔಷಧಿಗೂ 72 ಗಂಟೆಯ ಲೆಕ್ಕ. 1097ಕ್ಕೆ ಫೋನ್ ಮಾಡಿದರೆ ಉಚಿತವಾಗಿ ಮಾಹಿತಿ ಸಿಗ್ತದೆ.

ಹೆಚ್ಚಿನವರಿಗೆ ವಾಟರ್ ಬೇಸ್ಡ್ ಜೆಲ್ ಸಾಕು. ಬೇಗ ಒಣಗ್ತದೆ, ಮತ್ತೆ ಹಚ್ಚಬೇಕು, ಅಷ್ಟೆ. ಗುದಸಂಭೋಗಕ್ಕೆ ಜೆಲ್ ಬೇಕೇ ಬೇಕು. ಅಲ್ಲಿ ಸಹಜ ತೇವ ಇಲ್ಲ, ಒಳಪದರ ತೆಳು, ಸಣ್ಣ ಗಾಯವೂ ಸೋಂಕಿಗೆ ದಾರಿ. ಬಹಳ ಹೊತ್ತು ಒಣಗದ ಸಿಲಿಕೋನ್ ಜೆಲ್ ಅಲ್ಲಿಗೆ ಒಳ್ಳೇದು, ಕಾಂಡೋಮಿಗೂ ತೊಂದರೆ ಇಲ್ಲ. ಮರಗಟ್ಟಿಸುವ ಜೆಲ್ ಬೇಡ, ನೋವು ಗೊತ್ತಾಗಲೇಬೇಕು.

ನಾನು ಬಿ.ಕಾಂ. ಓದಿದವಳು, ಲೇಬಲ್ಲಲ್ಲಿ ಮೊದಲು ಎಂಆರ್‌ಪಿ ನೋಡುವುದು. ಇಲ್ಲಿ ಸಣ್ಣ ಅಕ್ಷರವನ್ನೂ ನೋಡಿ. ಗ್ಲಿಸರಿನ್ ಜಾಸ್ತಿ ಇದ್ದಷ್ಟೂ ಜೆಲ್ ಒಳಪದರದ ನೀರು ಎಳೆದುಕೊಳ್ತದೆ, ಉಪ್ಪಲ್ಲಿ ಹಾಕಿದ ಮಾವಿನಮಿಡಿ ಚಿರುಟಿದ ಹಾಗೆ. ಇದರ ಅಳತೆಗೆ ಆಸ್ಮೊಲಾಲಿಟಿ ಅಂತ ಹೆಸರು. 380 ದಾಟದಿದ್ದರೆ ಒಳ್ಳೇದು, 1200 ಮೀರಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ 2012ರಲ್ಲಿ ಹೇಳಿತ್ತು. ಟ್ಯೂಬಿನ ಮೇಲೆ ಈ ಅಂಕಿ ಹುಡುಕಿದರೂ ಸಿಗುವುದು ಅಪರೂಪ. ಹಾಗಾಗಿ ಗ್ಲಿಸರಿನ್ ಪಟ್ಟಿಯ ಮೇಲೆಯೇ ಇದ್ದರೆ ಬೇರೆ ಕೇಳಿ. ಸ್ಟ್ರಾಬೆರಿ ಪರಿಮಳವೂ ಬೇಡ.

ಹಾಲೂಡಿಸುವ ತಾಯಂದಿರಿಗೆ, ಮುಟ್ಟು ನಿಂತವರಿಗೆ ಈಸ್ಟ್ರೊಜೆನ್ ಇಳಿದು ಯೋನಿ ಒಣಗ್ತದೆ. ಅದಕ್ಕೆ ‘ಇವಳಿಗೆ ಆಸೆ ಇಲ್ಲ’ ಅಂತ ಅರ್ಥ ಅಲ್ಲ, ಗಂಡಸರೇ. ನೋವನ್ನು ಹಲ್ಲುಕಚ್ಚಿ ಸಹಿಸುವುದು ಸಂಸಾರ ಅಲ್ಲ. ಜೆಲ್ ಹಚ್ಚಿದರೂ ನೋವು, ರಕ್ತ ಇದ್ದರೆ ಡಾಕ್ಟರನ್ನು ಕಾಣಿ. ಮಗುವಿಗಾಗಿ ಪ್ರಯತ್ನಿಸುವವರೂ ಕೇಳಿಯೇ ತಗೊಳ್ಳಿ, ಹಲವು ಜೆಲ್‌ಗಳು ವೀರ್ಯಾಣುವಿನ ಓಟ ನಿಧಾನ ಮಾಡ್ತವೆ.

ಮೆಡಿಕಲಲ್ಲಿ ‘ವಾಟರ್ ಬೇಸ್ಡ್ ಲೂಬ್ರಿಕೆಂಟ್’ ಅಂತ ಪೂರ್ತಿ ಹೇಳಿ. ನಾಚಿಕೊಂಡು ಬರೀ ‘ಜೆಲ್’ ಅಂದರೆ ಮಂಡಿನೋವಿನದ್ದು ಕೊಟ್ಟಾರು!