ಸರಪಣಿ ವ್ಯಾಪಾರ: ಸೇರುವ ಮುನ್ನ ಲೆಕ್ಕ ಹಾಕಿರಿ

(ರೈತರ ಸಭೆಯಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ಅಡಿಕೆ ಮಾರಿ ಕೈಗೆ ನಾಲ್ಕು ಕಾಸು ಬಂದ ದಿನಗಳಲ್ಲಿ ಪುತ್ತೂರು, ಸುಳ್ಯ, ಕಡಬದ ಹಳ್ಳಿಗಳಿಗೆ ತರತರದ ವ್ಯಾಪಾರಿಗಳು ಬರುತ್ತಾರೆ. ಅವರಲ್ಲಿ ಒಂದು ಬಗೆಯವರು ಅಂಗಡಿ ಇಟ್ಟವರಲ್ಲ, ಹೊರಗಿನವರೂ ಅಲ್ಲ. ನಮ್ಮ ಭಾವ, ಶಾಲೆಯಲ್ಲಿ ಜೊತೆಗೆ ಕಲಿತ ಗೆಳೆಯ, ನೆರೆಮನೆಯ ಅಕ್ಕ. ಚಾವಡಿಯಲ್ಲಿ ಕುಳಿತು, ಬೆಲ್ಲ ನೀರು ಕುಡಿದು, "ಒಂದು ಕಂಪೆನಿ ಇದೆ. ನೀವು ಸೇರಿ, ಇನ್ನಿಬ್ಬರನ್ನು ಸೇರಿಸಿ. ಆಮೇಲೆ ಕುಳಿತಲ್ಲಿಗೇ ಹಣ ಬರುತ್ತದೆ" ಎನ್ನುತ್ತಾರೆ. ಹೇಳುವವರು ನಮ್ಮವರಾದುದರಿಂದ ಬೇಡವೆನ್ನಲು ನಾಲಿಗೆ ಬರುವುದಿಲ್ಲ. ಆದುದರಿಂದ ಈ ವ್ಯಾಪಾರವನ್ನು ಅಳೆದು ನೋಡುವ ಬಗೆಯನ್ನು ಇಂದು ನಿಮ್ಮ ಮುಂದೆ ಇಡುತ್ತೇನೆ.

ಮೊದಲು ಲೆಕ್ಕ. ಒಬ್ಬನು ಇಬ್ಬರನ್ನು ಸೇರಿಸಬೇಕು, ಆ ಇಬ್ಬರೂ ತಲಾ ಇಬ್ಬರನ್ನು ಸೇರಿಸಬೇಕು ಎನ್ನೋಣ. ಎರಡು, ನಾಲ್ಕು, ಎಂಟು ಎಂದು ಏರುತ್ತ 10ನೆಯ ಮೆಟ್ಟಿಲಿನಲ್ಲಿ 1,024 ಜನ ಬೇಕು. 20ನೆಯ ಮೆಟ್ಟಿಲಿನಲ್ಲಿ 10,48,576 ಜನ ಬೇಕು. ಮೇಲಿನವರನ್ನೂ ಕೂಡಿಸಿದರೆ ಒಟ್ಟು 20,97,151. 2011ರ ಜನಗಣತಿಯಲ್ಲಿ ನಮ್ಮ ದಕ್ಷಿಣ ಕನ್ನಡ ಜಿಲ್ಲೆಯ ಜನಸಂಖ್ಯೆ 20,89,649. ಅಂದರೆ ತೊಟ್ಟಿಲ ಮಗುವಿನಿಂದ ಹಿಡಿದು ಹಾಸಿಗೆ ಹಿಡಿದ ಅಜ್ಜಿಯವರೆಗೆ ಎಲ್ಲರೂ ಸೇರಿದರೂ 20ನೆಯ ಮೆಟ್ಟಿಲು ತುಂಬುವುದಿಲ್ಲ. ತಲಾ ಐದು ಜನರನ್ನು ಸೇರಿಸಬೇಕೆಂದರೆ ಐದನೆಯ ಮೆಟ್ಟಿಲಿಗೇ 3,125 ಜನ ಬೇಕು. ಒಂದು ಗ್ರಾಮವೇ ಮುಗಿಯಿತು.

ಇನ್ನೊಂದು ಮಾತು. ಇಬ್ಬಿಬ್ಬರ ಸರಪಣಿ ಎಲ್ಲಿ ನಿಂತರೂ ಒಟ್ಟು ಜನರಲ್ಲಿ ಸುಮಾರು ಅರ್ಧ ಪಾಲು ಕೊನೆಯ ಮೆಟ್ಟಿಲಿನಲ್ಲೇ ಇರುತ್ತಾರೆ. ಅವರ ಕೆಳಗೆ ಯಾರೂ ಇಲ್ಲ. ಹಾಕಿದ ಹಣ ಹಿಂದೆ ಬರಲು ನಿಮ್ಮ ಕೆಳಗೆ ಎರಡು ಮೆಟ್ಟಿಲು ಬೇಕೆಂದಾದರೆ, ನಾಲ್ಕರಲ್ಲಿ ಮೂರು ಪಾಲು ಜನರಿಗೆ ನಷ್ಟವೇ ಗತಿ. ಇದು ಯಾರ ಸೋಮಾರಿತನದಿಂದಲೂ ಆಗುವುದಲ್ಲ. "ನೀವು ಶ್ರಮ ಪಡಲಿಲ್ಲ, ಅದಕ್ಕೇ ಬರಲಿಲ್ಲ" ಎಂದು ಸಭೆಗಳಲ್ಲಿ ಹೇಳುವ ಮಾತನ್ನು ನಂಬಬೇಡಿರಿ.

ಇದರ ನೆರಳನ್ನು ನಾವು ನಮ್ಮ ತೋಟದಲ್ಲೇ ಕಂಡಿದ್ದೇವೆ. 2000ದಲ್ಲಿ ಮಡಗಾಸ್ಕರಿಗೆ ಚಂಡಮಾರುತ ಬಡಿದ ಮೇಲೆ ಲೋಕದಲ್ಲಿ ವೆನಿಲ್ಲಾದ ಧಾರಣೆ ಏರಿತು. ನಮ್ಮಲ್ಲಿಯೂ ಅಡಿಕೆ ಮರದ ನಡುವೆ ವೆನಿಲ್ಲಾ ಬಳ್ಳಿ ಹಬ್ಬಿತು. ಆಗ ಕೋಡು ಮಾರಿ ಗಳಿಸಿದವರಿದ್ದಂತೆ, ಬಳ್ಳಿಯ ತುಂಡು ಮಾರಿ ಗಳಿಸಿದವರೂ ಇದ್ದರು. 2004ರ ನಂತರ ಧಾರಣೆ ಬಿದ್ದಾಗ, ಕೊನೆಗೆ ಬಳ್ಳಿ ಕೊಂಡವರಿಗೆ ಬಳ್ಳಿ ಮಾತ್ರ ಉಳಿಯಿತು. ವೆನಿಲ್ಲಾ ಮೋಸವಲ್ಲ, ಅದು ನಿಜವಾದ ಬೆಳೆ. ಆದರೆ ಅದರಿಂದ ಕಲಿಯುವ ಪಾಠ ಇಷ್ಟು: ಫಸಲು ಕೊಳ್ಳುವವನಿಂದ ಬರುವ ಹಣ ಬೇರೆ, ಮುಂದೆ ನೆಡುವವನಿಂದ ಬರುವ ಹಣ ಬೇರೆ.

ತಮಿಳುನಾಡಿನ ಪೆರುಂದುರೈಯಲ್ಲಿ ಸೂಸಿ ಎಮು ಫಾರ್ಮ್ಸ್ ಎಂಬ ಸಂಸ್ಥೆ ಒಂದೂವರೆ ಲಕ್ಷ ರೂಪಾಯಿ ಕಟ್ಟಿದವರಿಗೆ ಆರು ಎಮು ಮರಿ ಕೊಟ್ಟು, ತಿಂಗಳಿಗೆ 6,000 ರೂಪಾಯಿ ಕೊಡುವುದಾಗಿ ಹೇಳಿತು. ಆ ಹಕ್ಕಿಯ ಮಾಂಸಕ್ಕೂ ಎಣ್ಣೆಗೂ ಅಷ್ಟು ಗಿರಾಕಿಗಳಿರಲಿಲ್ಲ. 2012ರಲ್ಲಿ ಸಂಸ್ಥೆ ಕುಸಿಯಿತು. ರೈತರ ಕೈಯಲ್ಲಿ ಉಳಿದದ್ದು ಮೇವು ಕೇಳುವ ಹಕ್ಕಿಗಳು.

ನಮ್ಮ ಕ್ಯಾಂಪ್ಕೋವನ್ನು ಇದರ ಎದುರು ಇಟ್ಟು ನೋಡಿರಿ. 1973ರಲ್ಲಿ ಹುಟ್ಟಿದ ಆ ಸಹಕಾರಿ ಸಂಸ್ಥೆಗೂ ಸದಸ್ಯರಿದ್ದಾರೆ, ಪಾಲುಹಣವಿದೆ. ಆದರೆ ನಿಮ್ಮ ಅಡಿಕೆಗೆ ಸಿಗುವ ಹಣ ಅಡಿಕೆ ತಿನ್ನುವವನಿಂದ ಬರುತ್ತದೆ, ಹೊಸ ಸದಸ್ಯನ ಪಾಲುಹಣದಿಂದ ಅಲ್ಲ. ನಾಳೆ ಒಬ್ಬ ಹೊಸ ಸದಸ್ಯನೂ ಸೇರದಿದ್ದರೂ ನಿಮ್ಮ ಅಡಿಕೆಗೆ ಬೆಲೆ ಇರುತ್ತದೆ. ಯಾವ ಯೋಜನೆ ಬಂದರೂ ಈ ಒರೆಗಲ್ಲಿಗೆ ಹಚ್ಚಿರಿ: "ಇಂದಿನಿಂದ ಹೊಸಬರು ಯಾರೂ ಸೇರದಿದ್ದರೆ ನನಗೆ ಹಣ ಎಲ್ಲಿಂದ ಬರುತ್ತದೆ?"

ಕಾನೂನು ಏನು ಹೇಳುತ್ತದೆ? ಮನೆಮನೆಗೆ ಹೋಗಿ ಸಾಮಾನು ಮಾರುವುದು ತಪ್ಪಲ್ಲ. ಆದರೆ ಜನರನ್ನು ಸೇರಿಸಿದ್ದಕ್ಕೇ ಹಣ ಹಂಚುವ ಯೋಜನೆಯನ್ನೂ ಪ್ರೈಜ್ ಚಿಟ್ಟನ್ನೂ 1978ರ ಕೇಂದ್ರ ಕಾಯಿದೆ ನಿಷೇಧಿಸಿದೆ. ನಡೆಸುವುದು ಮಾತ್ರವಲ್ಲ, ಅದಕ್ಕೆ ಸದಸ್ಯನಾಗಿ ಸೇರುವುದೂ ಅಪರಾಧ. ಮೂರು ವರ್ಷಗಳವರೆಗೆ ಸೆರೆ, 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. 2016ರಲ್ಲಿ ಕೇಂದ್ರ ಸರಕಾರ ಹೊರಡಿಸಿದ ಮಾರ್ಗಸೂಚಿಯಂತೆ ಸೇರುವವರಿಂದ ಪ್ರವೇಶ ಶುಲ್ಕ ತೆಗೆದುಕೊಳ್ಳಬಾರದು. 2021ರ ಡಿಸೆಂಬರಿನ ನೇರ ಮಾರಾಟ ನಿಯಮಗಳಂತೆ ಕಂಪೆನಿಯು ಮಾರಾಟಗಾರನೊಡನೆ ಲಿಖಿತ ಕರಾರು ಮಾಡಿಕೊಂಡಿರಬೇಕು. ಮಾರುವವನು ಗುರುತುಚೀಟಿ ಇಲ್ಲದೆ, ಮೊದಲೇ ಕೇಳಿಕೊಳ್ಳದೆ ಮನೆಗೆ ಬರಬಾರದು.

ಇನ್ನು ಚಾವಡಿಯಲ್ಲಿ ಕುಳಿತವರಿಗೆ ಕೇಳತಕ್ಕ ಪ್ರಶ್ನೆಗಳು:

1. ಸೇರಲು ಹಣ ಕಟ್ಟಬೇಕೇ? ಸಾಮಾನಿನ ಪೆಟ್ಟಿಗೆಯ ಹೆಸರಿನಲ್ಲಿ ಕೇಳಿದರೂ ಅದು ಹಣವೇ.

2. ಕಮಿಷನು ಸಾಮಾನು ಮಾರಿದ್ದಕ್ಕೋ, ಜನ ಸೇರಿಸಿದ್ದಕ್ಕೋ?

3. ಸೇರದೇ ಇರುವವರು ಈ ಸಾಮಾನನ್ನು ಈ ಬೆಲೆಗೆ ಕೊಳ್ಳುತ್ತಾರೆಯೇ?

4. ಮಾರದೆ ಉಳಿದ ಸಾಮಾನನ್ನು ಕಂಪೆನಿ ಹಿಂದೆ ತೆಗೆದುಕೊಳ್ಳುತ್ತದೆಯೇ? ಬರಹದಲ್ಲಿ ತೋರಿಸಲಿ.

5. ನಿಮಗೆ ಕಳೆದ ವರ್ಷ ಬಂದದ್ದೆಷ್ಟು, ಖರ್ಚಾದದ್ದೆಷ್ಟು? ಚೆಕ್ಕಿನ ಚಿತ್ರ ಬೇಡ, ಬ್ಯಾಂಕಿನ ಪಾಸ್‌ಬುಕ್ ತೋರಿಸಲಿ.

ಐದನೆಯ ಪ್ರಶ್ನೆಗೆ ಒಂದು ಮಾದರಿ ಲೆಕ್ಕ ಕೊಡುತ್ತೇನೆ. ತಿಂಗಳಿಗೆ 2,000 ರೂಪಾಯಿಯ ಸಾಮಾನು ಕೊಳ್ಳಲೇಬೇಕು ಎಂದಿಟ್ಟುಕೊಳ್ಳಿರಿ. ವರ್ಷಕ್ಕೆ 24,000. ಅಷ್ಟೇ ಸೋಪು, ಪುಡಿ, ಎಣ್ಣೆ ಊರಿನ ಅಂಗಡಿಯಲ್ಲಿ ತಿಂಗಳಿಗೆ 1,200ಕ್ಕೆ ಸಿಕ್ಕಿದರೆ ವರ್ಷಕ್ಕೆ 14,400. ಹೆಚ್ಚು ಕೊಟ್ಟದ್ದು 9,600. ಸಭೆ, ಬಸ್ಸು, ಫೋನು ಎಂದು ತಿಂಗಳಿಗೆ 300ರಂತೆ 3,600. ಒಟ್ಟು ಖರ್ಚು 13,200. ಕಮಿಷನು 8,000 ಬಂದಿತೆನ್ನೋಣ. ಅವರು "ಎಂಟು ಸಾವಿರ ಗಳಿಸಿದೆ" ಎನ್ನುತ್ತಾರೆ. ನಿಜವಾಗಿ ಕಳೆದುಕೊಂಡದ್ದು 5,200. ತೋಟದ ಕೆಲಸ ಬಿಟ್ಟು ತಿರುಗಿದ ದಿನಗಳ ಕೂಲಿ ಇದರಲ್ಲಿ ಸೇರಿಲ್ಲ.

ಈಗ ನನ್ನ ಕೆಲಸಕ್ಕೆ ಸೇರಿದ ಒಂದು ಮಾತು. ಈ ಸರಪಣಿಗಳಲ್ಲಿ ಸೋಪಿನ ಜೊತೆಗೆ ಕೃಷಿಯ ಮದ್ದೂ ಬರುತ್ತದೆ. ಒಂದೇ ಬಾಟಲಿ ಕೊಳೆರೋಗಕ್ಕೂ ಎಲೆಚುಕ್ಕಿಗೂ ಹಳದಿ ಎಲೆ ರೋಗಕ್ಕೂ ಆಗುತ್ತದೆಂದು ಹೇಳುತ್ತಾರೆ. ಸಂಪಾಜೆ, ಅರಂತೋಡು ಕಡೆಯ ತೋಟಗಳನ್ನು ಕಂಡವರಿಗೆ ಗೊತ್ತು, ಹಳದಿ ಎಲೆ ರೋಗವನ್ನು ಗುಣಪಡಿಸುವ ಮದ್ದು ಇನ್ನೂ ಇಲ್ಲ. ಹಾಗೆ ಹೇಳಿದವರ ಬೇರೆ ಮಾತುಗಳನ್ನೂ ಅದೇ ತಕ್ಕಡಿಯಲ್ಲಿ ತೂಗಿರಿ. 1968ರ ಕೀಟನಾಶಕ ಕಾಯಿದೆಯಂತೆ ಕೀಟ ಮತ್ತು ರೋಗದ ಮದ್ದು ಮಾರಲು ಪರವಾನಗಿ ಬೇಕು. ಚೀಟಿಯ ಮೇಲೆ ನೋಂದಣಿ ಸಂಖ್ಯೆ, ತಯಾರಾದ ದಿನ, ಅವಧಿ ಮುಗಿಯುವ ದಿನ ಇರಬೇಕು. ಗೊಬ್ಬರಕ್ಕೆ 1985ರ ನಿಯಂತ್ರಣ ಆದೇಶವಿದೆ. 2021ರಿಂದ ಬೆಳೆ ಪ್ರಚೋದಕಗಳೂ ಅದರೊಳಗೆ ಬಂದಿವೆ. ಇವು ಯಾವುವೂ ಇಲ್ಲದ, ಬಿಲ್ಲೂ ಕೊಡದ ಬಾಟಲಿಯನ್ನು ಮರಕ್ಕೆ ಹೊಡೆಯಬೇಡಿರಿ. ಕೊಳೆರೋಗಕ್ಕೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ, 100 ಲೀಟರ್ ನೀರಿನ ಬೋರ್ಡೋ ದ್ರಾವಣವಿದೆ. ಅದನ್ನು ಕೊಳ್ಳಲು ಯಾರನ್ನೂ ಸೇರಿಸಬೇಕಾಗಿಲ್ಲ.

ನೆಂಟರಿಗೆ ಇಲ್ಲವೆನ್ನುವುದು ಹೇಗೆಂದು ನೀವು ಕೇಳಬಹುದು. ಜಗಳ ಬೇಡ. "ಭಾವಾ, ಸಾಮಾನು ಒಳ್ಳೆಯದಾದರೆ ಒಂದು ಕೊಡಿ, ಹಣ ಕೊಟ್ಟು ಕೊಳ್ಳುತ್ತೇನೆ. ಹೆಸರು ಬರೆಸುವುದಿಲ್ಲ" ಎಂದು ಹೇಳಿರಿ. ನಿಜವಾದ ವ್ಯಾಪಾರಿಗೆ ಅಷ್ಟು ಸಾಕು. ಅಷ್ಟಕ್ಕೆ ತೃಪ್ತಿಯಾಗದವನಿಗೆ ಬೇಕಾದದ್ದು ಗಿರಾಕಿಯಲ್ಲ, ಮುಂದಿನ ಮೆಟ್ಟಿಲು. ಸೊಸೈಟಿಯ ಸಾಲ ತೆಗೆದು, ಚಿನ್ನ ಅಡವಿಟ್ಟು ಮಾತ್ರ ಖಂಡಿತ ಸೇರಬೇಡಿರಿ. ಮನೆಯ ಹೆಂಗಸರೊಡನೆ ಮಾತಾಡದೆ ಸಹಿ ಹಾಕಬೇಡಿರಿ.

ಈಗಾಗಲೇ ಸೇರಿದವರು ನಾಚಿಕೊಳ್ಳಬೇಕಾಗಿಲ್ಲ. ಹೋದ ಹಣವನ್ನು ಹಿಂದೆ ತರಲೆಂದು ಇನ್ನೊಬ್ಬರನ್ನು ಸೇರಿಸುವುದನ್ನು ಮೊದಲು ನಿಲ್ಲಿಸಿರಿ. ರಸೀದಿ, ಕರಾರು, ಫೋನಿನ ಸಂದೇಶಗಳನ್ನು ಜೋಪಾನವಾಗಿಡಿರಿ. ಉಳಿದ ಸಾಮಾನು ಹಿಂದೆ ಪಡೆಯುವಂತೆ ಕಂಪೆನಿಗೆ ಬರೆಯಿರಿ. ಗ್ರಾಹಕರ ದೂರಿಗೆ 1915, ಫೋನಿನ ಮೂಲಕ ಹಣ ಹೋಗಿ ಮೋಸವಾಗಿದ್ದರೆ ತಡಮಾಡದೆ 1930 ಸಂಖ್ಯೆಗೆ ಕರೆ ಮಾಡಿರಿ. ಸಮೀಪದ ಪೊಲೀಸು ಠಾಣೆಗೂ ದೂರು ಕೊಡಿರಿ.

ಹಣ ಹೋದರೆ ಮುಂದಿನ ಫಸಲಿನಲ್ಲಿ ಬಂದೀತು. ನೆಂಟಸ್ತಿಕೆ ಕೆಟ್ಟರೆ ಅದು ಒಂದು ಕೊಯ್ಲಿನಲ್ಲಿ ಸರಿಹೋಗುವುದಿಲ್ಲ. ಕೇಳಿಸಿಕೊಳ್ಳಿರಿ, ಪ್ರಶ್ನೆ ಹಾಕಿರಿ, ಕಾಗದದ ಮೇಲೆ ಲೆಕ್ಕ ಬರೆಯಿರಿ. ಆಮೇಲೆ ತೀರ್ಮಾನ ನಿಮ್ಮದು.