ಭಟ್ಟಿ ಉರಿಸಿದವಳ ಮಗ

(ಉಪನ್ಯಾಸದ ಬರಹರೂಪ)

 

ಇವತ್ತು ನಾನು ನಿಮ್ಮ ಮುಂದೆ ಇಡುವುದು ದೂರದ ಫ್ರಾನ್ಸ್ ದೇಶದ ಒಬ್ಬ ಹಾಡುಗಾರನ ಬದುಕನ್ನು. ಹೆಸರು ಬೆರ್ನಾರ್ತ್ ದೆ ವೆಂತಾದೋರ್ನ್. ಕಾಲ ಹನ್ನೆರಡನೆಯ ಶತಮಾನ. ಆ ಶತಮಾನ ಎಂದೊಡನೆ ನಿಮ್ಮ ಮನಸ್ಸು ಕಲ್ಯಾಣದ ಕಡೆ ಓಡುತ್ತದೆಂದು ಬಲ್ಲೆ. ಆದರೆ ಅವನಿಗೂ ಕಲ್ಯಾಣಕ್ಕೂ ಯಾವ ನಂಟೂ ಇರಲಿಲ್ಲ. ಇಲ್ಲದ ನಂಟನ್ನು ಹೆಣೆಯುವುದು ನನ್ನ ಉದ್ದೇಶವಲ್ಲ. ಅವನ ಕಥೆಯನ್ನು ಅದರ ನೆಲದಲ್ಲೇ ಇಟ್ಟು ನೋಡೋಣ. ನೋಡುವಾಗ ಒಂದೇ ಪ್ರಶ್ನೆ ಕೇಳೋಣ: ಒಬ್ಬನ ಹುಟ್ಟಿನ ಬಗ್ಗೆ ಆಡಿದ ಗೇಲಿಯ ಮಾತು ಅವನ ಚರಿತ್ರೆಯಾಗಿ ಹೇಗೆ ನಿಂತುಬಿಡುತ್ತದೆ?

ಮೊದಲು ನಾಡಿನ ಪರಿಚಯ. ಫ್ರಾನ್ಸಿನ ದಕ್ಷಿಣ ಭಾಗದಲ್ಲಿ ಆಗ ಆಡುತ್ತಿದ್ದ ಭಾಷೆ ಆಕ್ಸಿಟಾನ್. ಚರ್ಚಿನ ಪೂಜೆಗೆ, ಪಾಂಡಿತ್ಯಕ್ಕೆ ಲ್ಯಾಟಿನ್ ಬೇಕಿತ್ತು. ಜನರ ಬಾಯಲ್ಲಿ ಇದ್ದದ್ದು ಆಕ್ಸಿಟಾನ್. ಆ ಆಡುಮಾತಿನಲ್ಲಿ ಹಾಡು ಕಟ್ಟಿ, ಅದಕ್ಕೆ ತಾವೇ ಮಟ್ಟು ಕೂಡಿಸಿದ ಕವಿಗಳನ್ನು ಟ್ರೂಬಡೂರರು ಎನ್ನುತ್ತಾರೆ. ಸುಮಾರು ಎರಡು ಶತಮಾನಗಳ ಕಾಲ ಈ ಪರಂಪರೆ ಬೆಳಗಿತು. ಇಂದಿಗೂ ಸುಮಾರು 2,500 ಹಾಡುಗಳು ಉಳಿದಿವೆ. ಹಾಡು ಸಿಕ್ಕಿರುವವರಲ್ಲಿ ಮೊದಲಿಗನು ಅಕ್ವಿಟೇನಿನ ದೊರೆ ಒಂಬತ್ತನೆಯ ಗಿಲ್ಲೆಮ್. ಅವನು ತೀರಿಕೊಂಡದ್ದು 1126ರಲ್ಲಿ. ಅಂದರೆ ಈ ಕಾವ್ಯ ಅರಮನೆಯಲ್ಲಿ ಹುಟ್ಟಿತು. ಆದರೆ ಅರಮನೆಯೊಳಗೇ ಉಳಿಯಲಿಲ್ಲ. ವರ್ತಕರ ಮಕ್ಕಳು, ದರ್ಜಿಯ ಮಗ, ಮಠ ಬಿಟ್ಟು ಬಂದವರು, ಹೆಣ್ಣುಮಕ್ಕಳು, ಎಲ್ಲರೂ ಹಾಡು ಕಟ್ಟಿದರು.

ಈ ಸಾಲಿನಲ್ಲಿ ಬರುವವನು ನಮ್ಮ ಬೆರ್ನಾರ್ತ್. ಲಿಮೊಸಿನ್ ಎಂಬ ಗುಡ್ಡಗಾಡು ಸೀಮೆಯಲ್ಲಿ ವೆಂತಾದೋರ್ನ್ ಎಂಬ ಕೋಟೆಯಿತ್ತು. ಅದರ ಹಾಳು ಗೋಡೆಗಳು ಈಗಲೂ ಬಂಡೆಯ ನೆತ್ತಿಯ ಮೇಲೆ ನಿಂತಿವೆ. ಆ ಕೋಟೆಯ ಹೆಸರೇ ಅವನ ಹೆಸರಾಯಿತು. ಅವನವೆಂದು ಹೇಳುವ ಹಾಡುಗಳು ನಲವತ್ತಕ್ಕೂ ಹೆಚ್ಚು ಸಿಕ್ಕಿವೆ. ಅವುಗಳಲ್ಲಿ ಸುಮಾರು 20 ಹಾಡುಗಳಿಗೆ ಮಟ್ಟೂ ಉಳಿದಿದೆ. ಎಂಟುನೂರು ವರ್ಷಗಳ ಆಚೆಗಿನ ಕವಿಯೊಬ್ಬನ ದನಿಯನ್ನು ಇಂದಿನ ಗಾಯಕರು ಹಾಡಿ ಕೇಳಿಸಬಲ್ಲರು ಎಂದರೆ ಅದು ಸಣ್ಣ ಭಾಗ್ಯವಲ್ಲ.

ಇನ್ನು ಅವನ ಜೀವನಕಥೆ. ಟ್ರೂಬಡೂರರ ಹಾಡುಗಳನ್ನು ಬರೆದಿಟ್ಟ ಹಳೆಯ ಕೈಬರಹಗಳಲ್ಲಿ ಹಾಡುಗಳ ಜೊತೆಗೆ ಕವಿಗಳ ಪುಟ್ಟ ಚರಿತ್ರೆಗಳಿವೆ. ಅವಕ್ಕೆ ‘ವಿದಾ’ ಎಂದು ಹೆಸರು. ವಿದಾ ಎಂದರೆ ಬದುಕು. ಬೆರ್ನಾರ್ತನ ವಿದಾ ಹೇಳುವುದಿಷ್ಟು.

ಅವನು ಬಡ ಕುಲದವನು. ಕೋಟೆಯವರಿಗೆ ರೊಟ್ಟಿ ಸುಡಲು ಭಟ್ಟಿ ಉರಿಸುತ್ತಿದ್ದ ಆಳಿನ ಮಗ. ಬೆಳೆದು ಚೆಲುವನಾದ, ಜಾಣನಾದ, ಹಾಡು ಕಟ್ಟಲು ಕಲಿತ. ಕೋಟೆಯ ಒಡೆಯ ಎಬ್ಲೆಸ್ ಅವನ ಹಾಡಿಗೆ ಮೆಚ್ಚಿ ಗೌರವ ಕೊಟ್ಟ. ಒಡೆಯನ ಮಡದಿಗೂ ಇವನಿಗೂ ಒಲವು ಬೆಳೆಯಿತು. ಗೊತ್ತಾದಾಗ ಒಡೆಯ ಮಡದಿಯನ್ನು ಕೂಡಿಹಾಕಿ ಕಾವಲಿಟ್ಟ. ಬೆರ್ನಾರ್ತ್ ಊರು ಬಿಟ್ಟ. ಅಲ್ಲಿಂದ ನಾರ್ಮಂಡಿಯ ಡಚೆಸ್ ಎಲಿಯನೋರಳ ಆಸ್ಥಾನ ಸೇರಿದ. ಅವಳನ್ನು ಇಂಗ್ಲೆಂಡಿನ ದೊರೆ ಹೆನ್ರಿ ಮದುವೆಯಾಗಿ ಕರೆದೊಯ್ದ. ಬೆರ್ನಾರ್ತ್ ದುಃಖದಿಂದ ತುಲೂಸಿನ ರೈಮೋನನ ಬಳಿ ಬಂದು, ಆ ದೊರೆ ತೀರಿಕೊಳ್ಳುವವರೆಗೂ ಅಲ್ಲಿದ್ದ. ಕೊನೆಗೆ ದಲೋನ್ ಎಂಬಲ್ಲಿಯ ಕ್ರೈಸ್ತ ಸನ್ಯಾಸಿಗಳ ಮಠ ಸೇರಿ ಅಲ್ಲೇ ಕಣ್ಣು ಮುಚ್ಚಿದ.

ಕೇಳಲು ಎಷ್ಟು ಸೊಗಸಾಗಿದೆ ನೋಡಿ. ಭಟ್ಟಿಯಿಂದ ಅರಮನೆಗೆ, ಅರಮನೆಯಿಂದ ಮಠಕ್ಕೆ. ಇದನ್ನು ಬರೆದವನು ಉಕ್ ದೆ ಸಾನ್ ಸಿರ್ಕ್, ತಾನೂ ಒಬ್ಬ ಟ್ರೂಬಡೂರ್. ಈ ಸಂಗತಿಗಳನ್ನು ನನಗೆ ಹೇಳಿದವನು ಆ ಮಡದಿಯ ಮಗನೇ ಎಂದು ಅವನು ಸಾಕ್ಷಿಯನ್ನೂ ಹೆಸರಿಸುತ್ತಾನೆ. ತಾಯಿಯ ಗುಟ್ಟನ್ನು ಮಗ ಪರರಿಗೆ ಹೇಳಿ ಬರೆಸಿದನೆಂದರೆ ನಂಬುವುದು ಕಷ್ಟ. ಇರಲಿ, ಅದನ್ನು ಬಿಟ್ಟು ವರ್ಷಗಳನ್ನೇ ಲೆಕ್ಕ ಹಾಕೋಣ.

ಎಲಿಯನೋರ್ ಹೆನ್ರಿಯನ್ನು ಮದುವೆಯಾದದ್ದು 1152ರಲ್ಲಿ. ಹೆನ್ರಿ ಆಗ ಇಂಗ್ಲೆಂಡಿನ ದೊರೆಯಲ್ಲ, ನಾರ್ಮಂಡಿಯ ಡ್ಯೂಕ್. ಇಂಗ್ಲೆಂಡಿನ ಕಿರೀಟ ಸಿಕ್ಕಿದ್ದು 1154ರಲ್ಲಿ. ಎಲಿಯನೋರ್ ನಾರ್ಮಂಡಿಯ ಡಚೆಸ್ ಆದದ್ದೇ ಹೆನ್ರಿಯ ಕೈಹಿಡಿದದ್ದರಿಂದ. ಹಾಗಿರುವಾಗ ಅವಳು ಮೊದಲು ನಾರ್ಮಂಡಿಯ ಡಚೆಸ್ ಆಗಿದ್ದು, ಆಮೇಲೆ ಹೆನ್ರಿ ಬಂದು ಮದುವೆಯಾದನೆಂಬ ಕಥೆ ನಿಲ್ಲುವುದಿಲ್ಲ. ಕಥೆ ಹೇಳಿದವನಿಗೆ ಹೆಸರುಗಳು ಗೊತ್ತಿದ್ದವು, ಅವುಗಳ ಕ್ರಮ ಗೊತ್ತಿರಲಿಲ್ಲ.

ಹಾಗಾದರೆ ಭಟ್ಟಿಯ ಕಥೆ ಎಲ್ಲಿಂದ ಬಂತು? ಇಲ್ಲೇ ನಾವು ನಿಂತು ನೋಡಬೇಕು.

ಬೆರ್ನಾರ್ತನ ಕಾಲದಲ್ಲೇ ಪೇರೆ ದಾಲ್ವೆರ್ನೆ ಎಂಬ ಇನ್ನೊಬ್ಬ ಟ್ರೂಬಡೂರ್ ಇದ್ದ. ಅವನದೊಂದು ನಗೆಹಾಡಿದೆ. ಅದರಲ್ಲಿ ಹನ್ನೆರಡು ಮಂದಿ ಕವಿಗಳನ್ನು ಒಬ್ಬೊಬ್ಬರಾಗಿ ಎಳೆದು ತಂದು ಗೇಲಿ ಮಾಡುತ್ತಾನೆ. ಗಿರಾವುತ್ ಎಂಬ ದೊಡ್ಡ ಕವಿಯನ್ನು ಬಿಸಿಲಿಗೆ ಒಣಗಿದ ತೊಗಲಿಗೆ ಹೋಲಿಸುತ್ತಾನೆ. ಕೊನೆಗೆ ತನ್ನನ್ನೂ ಬಿಡುವುದಿಲ್ಲ. ತನ್ನ ದನಿ ಬಾವಿಯ ಕಪ್ಪೆಯದೆಂದು ನಗುತ್ತಾನೆ. ಗೆಳೆಯರ ಕೂಟದಲ್ಲಿ ಹಾಡಿ ಎಲ್ಲರನ್ನೂ ನಗಿಸುವ ಹಾಡು ಅದು. ಆ ಹಾಡಿನಲ್ಲಿ ಬೆರ್ನಾರ್ತನ ಸರದಿ ಬಂದಾಗ, ಅವನ ತಂದೆ ಬಿಲ್ಲು ಹಿಡಿದ ಆಳು, ತಾಯಿ ಪುಳ್ಳೆ ಆರಿಸಿ ತಂದು ಭಟ್ಟಿ ಉರಿಸುತ್ತಿದ್ದವಳು ಎಂಬ ಮಾತು ಬರುತ್ತದೆ.

ಈ ಒಂದು ನಗೆಮಾತೇ ಹಲವು ದಶಕಗಳ ಮೇಲೆ ವಿದಾದಲ್ಲಿ ಚರಿತ್ರೆಯಾಗಿ ಕುಳಿತಿತೆಂಬುದು ಅನೇಕ ವಿದ್ವಾಂಸರ ಅಭಿಪ್ರಾಯ. ಅದಕ್ಕೊಂದು ಸುಳಿವೂ ಇದೆ. ಭಟ್ಟಿಯ ಕೆಲಸ ವಿದಾದ ಒಂದು ಪಾಠದಲ್ಲಿ ತಂದೆಯದು, ಇನ್ನೊಂದರಲ್ಲಿ ತಾಯಿಯದು. ಕೈಯಿಂದ ಕೈಗೆ ಹೋಗುವ ಗಾಳಿಮಾತಿನ ಗುಣವೇ ಅದು.

ಬಂಧುಗಳೇ, ಗಮನಿಸಬೇಕಾದದ್ದು ಇದು. ಆ ನಗೆಹಾಡನ್ನು ಕೇಳಿ ಗಿರಾವುತ್ ನಿಜವಾಗಿಯೂ ಒಣ ತೊಗಲಾಗಿದ್ದ ಎಂದು ಯಾರೂ ಬರೆಯಲಿಲ್ಲ. ಪೇರೆ ಕಪ್ಪೆಯಾಗಿದ್ದ ಎಂದೂ ಬರೆಯಲಿಲ್ಲ. ಅವೆಲ್ಲ ತಮಾಷೆ ಎಂದು ಎಲ್ಲರಿಗೂ ತಿಳಿಯಿತು. ಆದರೆ ಹುಟ್ಟಿನ ಮಾತು ಮಾತ್ರ ತಮಾಷೆಯಾಗಿ ಉಳಿಯಲಿಲ್ಲ. ಅದು ಹೆಸರಿಗೆ ಅಂಟಿಕೊಂಡಿತು. ದನಿಯ ಗೇಲಿ ದನಿಯ ಜೊತೆಗೇ ಹೋಗುತ್ತದೆ. ಕುಲದ ಗೇಲಿ ಮನುಷ್ಯ ಸತ್ತ ಮೇಲೂ ಬದುಕುತ್ತದೆ.

ನೀವು ಕೇಳಬಹುದು: ವಿದಾ ಅವನನ್ನು ಹಳಿಯಲಿಲ್ಲವಲ್ಲ, ಹೊಗಳಿತಲ್ಲ? ಹೌದು, ಹೊಗಳಿತು. ಆಳಿನ ಮಗನಾದರೂ ಎಷ್ಟು ಚೆನ್ನಾಗಿ ಹಾಡಿದ ಎಂಬ ಧಾಟಿಯ ಹೊಗಳಿಕೆ ಅದು. ಆ ‘ಆದರೂ’ ಎಂಬ ಪದದಲ್ಲಿ ಮುಳ್ಳಿದೆ. ಭಟ್ಟಿ ಉರಿಸುವ ಮನೆಯಲ್ಲಿ ಒಳ್ಳೆಯ ನುಡಿ ಹುಟ್ಟುವುದು ಸಹಜವಲ್ಲ, ಅದೊಂದು ಪವಾಡ ಎಂಬ ಎಣಿಕೆ ಅದರೊಳಗಿದೆ. ಕೋಟೆಯವರೆಲ್ಲ ದಿನವೂ ಉಂಡದ್ದು ಆ ಭಟ್ಟಿಯ ರೊಟ್ಟಿಯನ್ನು. ಉಣ್ಣುವಾಗ ಕೀಳೆನಿಸದ ಕಾಯಕ, ಉರಿಸಿದವಳ ಮಗ ಹಾಡಲು ನಿಂತಾಗ ಕೀಳೆನಿಸಿತು. ಈ ಸಭೆಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇನ್ನೊಂದು ತಮಾಷೆ ಇದೆ. ಇತ್ತೀಚಿನ ಕಾಲದಲ್ಲಿ ಕೆಲವು ವಿದ್ವಾಂಸರು ಬೇರೆ ಮಾತು ಹೇಳಿದ್ದಾರೆ. ಬೆರ್ನಾರ್ತ್ ಆಳಿನ ಮಗನಲ್ಲ, ವೆಂತಾದೋರ್ನ್ ಮನೆತನದವನೇ ಇರಬಹುದು, ಮುಂದೆ ತುಲ್ ಎಂಬ ಊರಿನ ಮಠಕ್ಕೆ ಅಧಿಪತಿಯಾದವನು ಇವನೇ ಇರಬಹುದು ಎಂದು. ಹಳೆಯ ದಾಖಲೆ ಹುಡುಕಿ ಹೇಳಿದ ಮಾತು, ತಳ್ಳಿಹಾಕುವಂತಿಲ್ಲ. ಆದರೆ ಆಳಿನ ಮಗ ಎಂದವರೂ ಒಡೆಯನ ಮಗ ಎಂದವರೂ ಕೇಳುತ್ತಿರುವ ಪ್ರಶ್ನೆ ಒಂದೇ: ಇವನು ಯಾರ ಮಗ? ಎಂಟು ಶತಮಾನ ಕಳೆದರೂ ಆ ಪ್ರಶ್ನೆಗೆ ದಣಿವಿಲ್ಲ.

ಹಾಗಾದರೆ ಅವನನ್ನು ನಾವು ಎಲ್ಲಿ ಕಾಣಬೇಕು? ಅವನ ಹಾಡಿನಲ್ಲಿ. ಅಲ್ಲಿ ಅವನು ತನ್ನ ತಂದೆಯ ಹೆಸರು ಹೇಳುವುದಿಲ್ಲ, ಮನೆತನ ಹೇಳುವುದಿಲ್ಲ. ಎದೆಯಿಂದ ಬಾರದ ಹಾಡಿಗೆ ಬೆಲೆಯಿಲ್ಲ ಎಂಬುದು ಅವನು ಮತ್ತೆ ಮತ್ತೆ ಹಿಡಿದ ನಿಲುವು. ಒಂದು ಹಾಡಿನಲ್ಲಂತೂ ಒಲವಿನ ಮುಂದೆ ಒಡೆತನ ನಡೆಯದು, ಅಲ್ಲಿ ಬಡವ ಬಲ್ಲಿದರಿಗೆ ಬೇರೆ ಬೇರೆ ಅಂತಸ್ತು ಉಳಿಯದು ಎಂಬ ವಿಚಾರವನ್ನೇ ಎತ್ತುತ್ತಾನೆ. ಅವನ ಒಲವು ಗಂಡು ಹೆಣ್ಣಿನ ಲೌಕಿಕ ಒಲವು. ಅದನ್ನು ಭಕ್ತಿಯೆಂದು ಹೇಳಿ ದಾರಿ ತಪ್ಪಿಸಲಾರೆ. ಆದರೂ ಕೋಟೆಯ ಗೋಡೆಯೊಳಗೆ ನಿಂತು, ಒಡೆಯರ ಎದುರಿನಲ್ಲೇ ಹೀಗೆ ಹಾಡಲು ಎದೆ ಬೇಕು.

ಅವನ ಎಲ್ಲಕ್ಕಿಂತ ಹೆಸರಾದ ಹಾಡು ಲಾರ್ಕ್ ಎಂಬ ಪುಟ್ಟ ಹಕ್ಕಿಯದು. ಸೂರ್ಯಕಿರಣದ ಕಡೆ ಹಾರಿ, ಸಂತೋಷದಲ್ಲಿ ಮೈಮರೆಯುವ ಹಕ್ಕಿಯನ್ನು ಕಂಡು, ತನಗೆ ಆ ಮೈಮರೆವು ಸಿಗಲಿಲ್ಲವಲ್ಲ ಎಂದು ಕವಿ ಕರಗುತ್ತಾನೆ. ಈ ಹಾಡನ್ನೂ ಕಥೆಗಾರರು ಬಿಡಲಿಲ್ಲ. ಹಕ್ಕಿ ಎಂದರೆ ಒಬ್ಬ ರಾಣಿಯ ಅಡ್ಡಹೆಸರು, ಕಿರಣ ಎಂದರೆ ಅವಳ ಪ್ರಿಯನ ಅಡ್ಡಹೆಸರು ಎಂದು ಅಂತಃಪುರದ ಪಿಸುಮಾತನ್ನು ಅದಕ್ಕೆ ಜೋಡಿಸಿದರು. ಬಾನಿಗೆ ಹಾರಿದ ಹಕ್ಕಿಯನ್ನು ಪಂಜರಕ್ಕೆ ತಂದಂತಾಯಿತು.

ಕಥೆಗಾರರನ್ನು ದೂರಿ ಮುಗಿಸುವುದು ನ್ಯಾಯವಲ್ಲ. 1209ರಲ್ಲಿ ಪೋಪರ ಕರೆಯ ಮೇಲೆ ಆ ನಾಡಿನ ಮೇಲೆ ಧರ್ಮಯುದ್ಧ ಎರಗಿತು. ಕ್ಯಾಥರ್ ಎಂಬ ಪಂಥವನ್ನು ಅಳಿಸಲೆಂದು ಬಂದ ಸೈನ್ಯ ಇಪ್ಪತ್ತು ವರ್ಷ ನಾಡನ್ನು ಕಲಕಿತು. ಆಶ್ರಯ ಕೊಟ್ಟ ಮನೆಗಳು ಬಡವಾದವು. ಎಷ್ಟೋ ಟ್ರೂಬಡೂರರು ಇಟಲಿಯ ಕಡೆ ನಡೆದರು. ಉಕ್ ಕೂಡ ಅಲ್ಲಿಯೇ ನೆಲೆ ಕಂಡ. ಲಿಮೊಸಿನ್ ಎಲ್ಲಿದೆ ಎಂದು ತಿಳಿಯದ ಜನಕ್ಕೆ ಹಾಡು ಮುಟ್ಟಿಸಲು ಕಥೆ ಬೇಕಾಯಿತು. ಕಥೆಯ ಬುತ್ತಿಯಲ್ಲಿ ಹಾಡೂ ಉಳಿದು ಬಂತು. ಆ ಉಪಕಾರವನ್ನು ಮರೆಯಬಾರದು.

ಆದರೆ ಬುತ್ತಿಯ ಬಟ್ಟೆಯನ್ನೇ ಅನ್ನವೆಂದು ತಿಳಿಯಬಾರದು. ಹಿಂದಿನವರ ಚರಿತ್ರೆ ಓದುವಾಗ ಎರಡು ಕೆಲಸ ಮಾಡೋಣ. ಮೊದಲು ಅವರ ನುಡಿಯನ್ನು ಓದೋಣ, ಆಮೇಲೆ ಅವರ ಬಗ್ಗೆ ಕಟ್ಟಿದ ಕಥೆಯನ್ನು ಓದೋಣ. ಕಥೆಯಲ್ಲಿ ‘ಆದರೂ’ ಎಂಬ ಪದ ಸಿಕ್ಕಿದಾಗ, ಅದನ್ನು ಯಾರು ಇಟ್ಟರು, ಯಾಕೆ ಇಟ್ಟರು ಎಂದು ಕೇಳೋಣ. ನಮ್ಮ ಮಕ್ಕಳನ್ನು ಹೊಗಳುವಾಗಲೂ, ನೆರೆಯವರ ಮಕ್ಕಳನ್ನು ಹೊಗಳುವಾಗಲೂ, ಆ ಪದ ನಮ್ಮ ನಾಲಿಗೆಗೆ ಬಂದರೆ ಅಲ್ಲಿಯೇ ತಡೆಯೋಣ.

ಭಟ್ಟಿ ಉರಿಸಿದ ಆ ತಾಯಿ ನಿಜವಾಗಿ ಇದ್ದಳೋ ಇಲ್ಲವೋ, ಯಾವ ಕೈಬರಹವೂ ಅವಳ ಹೆಸರು ಹೇಳುವುದಿಲ್ಲ. ಇದ್ದಿದ್ದರೆ, ಹಾಡಿಗಾಗಿ ಅವಳ ಮಗನನ್ನು ಮೆಚ್ಚಿದವರು ಅವಳ ರೊಟ್ಟಿಯನ್ನೂ ಮೆಚ್ಚಬೇಕಿತ್ತು.